ಇಪ್ಪತ್ತು ಇಂಚಿನ ಗೆರೆ: ಪಂಪ್ ಆಕ್ಷನ್ ಬಂದೂಕು ಮತ್ತು ವ್ಯಾಪಾರಸ್ಥರ ಹೊಣೆಗಾರಿಕೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದು ಬಂದ ಮೇಲೆ ಗಂಗಾವತಿ ಸೀಮೆಯು ಭತ್ತದ ಕಣಜವೆಂದು ಹೆಸರಾಯಿತು. ಸುಗ್ಗಿಯ ದಿನಗಳಲ್ಲಿ ಅಕ್ಕಿ ಗಿರಣಿಗಳಲ್ಲಿಯೂ ದಲಾಲಿ ಅಂಗಡಿಗಳಲ್ಲಿಯೂ ಹಗಲಿರುಳು ವಹಿವಾಟು ನಡೆಯುತ್ತದೆ. ಬ್ಯಾಂಕಿನಿಂದ ಗಿರಣಿಗೆ, ಗಿರಣಿಯಿಂದ ಹಳ್ಳಿಗೆ ನಗದು ಸಾಗುತ್ತದೆ. ದಾಸ್ತಾನು ತುಂಬಿದ ಗೋದಾಮುಗಳು ಊರ ಹೊರಗಿನ ರಸ್ತೆಗಳ ಪಕ್ಕದಲ್ಲಿರುತ್ತವೆ. ಇಂತಹ ಕಡೆ ಆತ್ಮರಕ್ಷಣೆಗಾಗಿ ಬಂದೂಕಿನ ಪರವಾನಗಿ ಪಡೆಯುವುದು, ಬಂದೂಕುಧಾರಿ ಕಾವಲುಗಾರನನ್ನು ನೇಮಿಸಿಕೊಳ್ಳುವುದು ಸಹಜ.

ಹಿಂದೆ ಇಂತಹ ಬಂದೂಕು ಎಂದರೆ ಒಂಟಿ ನಳಿಕೆ ಅಥವಾ ಜೋಡಿ ನಳಿಕೆಯದಾಗಿರುತ್ತಿತ್ತು. ಈಗ ಪಂಪ್ ಆಕ್ಷನ್ ಬಂದೂಕನ್ನು ಬಯಸುವವರು ಹೆಚ್ಚು. ಅದರ ಜೊತೆಗೆ ಚಲನಚಿತ್ರಗಳಲ್ಲಿಯೂ ಅಂತರಜಾಲದಲ್ಲಿಯೂ ಕಾಣುವ ಗಿಡ್ಡ ನಳಿಕೆ, ಮಡಚುವ ಹಿಡಿ, ಟಾರ್ಚ್ ಮುಂತಾದವುಗಳ ಆಕರ್ಷಣೆಯೂ ಬೆಳೆದಿದೆ. ಆದರೆ ಪರವಾನಗಿಯ ಅವಧಿಯ ಬಗ್ಗೆ ತೋರುವ ಎಚ್ಚರವನ್ನು ಬಂದೂಕಿನ ನಳಿಕೆಯ ಉದ್ದ, ಬಿಡಿಭಾಗ ಮತ್ತು ಅದನ್ನು ಒಯ್ಯುವ ರೀತಿಯ ಬಗ್ಗೆ ತೋರುವವರು ವಿರಳ. ಇವುಗಳಲ್ಲಿ ಒಂದನ್ನು ಅಲಕ್ಷಿಸಿದರೂ ಸಂಸ್ಥೆಯ ಎಲ್ಲ ಪಾಲುದಾರರು ಗಂಭೀರ ಅಪರಾಧದ ಆರೋಪಕ್ಕೆ ಒಳಗಾಗುವ ಸಂಭವವಿದೆ. ಆದ್ದರಿಂದ ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ಅರಿಯುವುದು ಅವಶ್ಯಕ.

ಪಂಪ್ ಆಕ್ಷನ್ ಎಂದರೇನು?

ಈ ಬಂದೂಕಿನಲ್ಲಿ ನಳಿಕೆಯ ಕೆಳಗೆ ಅದಕ್ಕೆ ಸಮಾನಾಂತರವಾಗಿ ಇನ್ನೊಂದು ಕೊಳವೆ ಇರುತ್ತದೆ. ಕಾಡತೂಸುಗಳು ಅದರಲ್ಲಿ ಒಂದರ ಹಿಂದೊಂದು ಸಾಲಾಗಿ ಕುಳಿತಿರುತ್ತವೆ. ಎಡಗೈಯಲ್ಲಿ ಹಿಡಿಯುವ ಮುಂಭಾಗದ ಹಿಡಿಕೆಯನ್ನು ಹಿಂದಕ್ಕೆ ಎಳೆದಾಗ ಹಾರಿಸಿದ ಖಾಲಿ ಕಾಡತೂಸು ಹೊರಬೀಳುತ್ತದೆ; ಮುಂದಕ್ಕೆ ತಳ್ಳಿದಾಗ ಹೊಸ ಕಾಡತೂಸು ನಳಿಕೆಗೆ ಸೇರುತ್ತದೆ. ಅಂದರೆ ಪ್ರತಿ ಗುಂಡಿಗೂ ಕೈಯ ಚಲನೆ ಅವಶ್ಯಕ. ಕುದುರೆಯನ್ನು ಒತ್ತಿ ಹಿಡಿದರೆ ಒಂದರ ಮೇಲೊಂದು ಗುಂಡು ಹಾರುವ ಸ್ವಯಂಚಾಲಿತ ಅಸ್ತ್ರವೂ ಇದಲ್ಲ, ಒಮ್ಮೆ ಹಾರಿದೊಡನೆ ಮುಂದಿನ ಕಾಡತೂಸನ್ನು ತಾನೇ ತುಂಬಿಕೊಳ್ಳುವ ಅರೆ ಸ್ವಯಂಚಾಲಿತ ಅಸ್ತ್ರವೂ ಇದಲ್ಲ. ವರ್ಗೀಕರಣದ ದೃಷ್ಟಿಯಿಂದ ಈ ಭೇದ ಬಹು ಮುಖ್ಯ.

ಸಾಮಾನ್ಯವಾಗಿ ಬಳಕೆಯಲ್ಲಿರುವುದು 12 ಬೋರ್ ಪಂಪ್ ಆಕ್ಷನ್ ಬಂದೂಕು. ಒಂದು ಪೌಂಡ್ ಸೀಸವನ್ನು 12 ಸಮನಾದ ಗುಂಡುಗಳಾಗಿ ಮಾಡಿದರೆ ಒಂದು ಗುಂಡಿನ ವ್ಯಾಸ ಎಷ್ಟಾಗುವುದೋ ಅಷ್ಟು ಅಗಲದ ನಳಿಕೆ ಎಂಬುದು 12 ಬೋರ್ ಎಂಬುದರ ಮೂಲಾರ್ಥ. ಅದು ಸುಮಾರು 18.5 ಮಿಲಿಮೀಟರ್. ನಳಿಕೆಯ ಒಳಮೈ ನುಣುಪಾಗಿರುವುದರಿಂದ ಕಾನೂನು ಇದನ್ನು ರೈಫಲ್‌ನಿಂದ ಪ್ರತ್ಯೇಕಿಸುತ್ತದೆ. ರೈಫಲ್‌ನ ನಳಿಕೆಯ ಒಳಗೆ ಸುರುಳಿಯಾಕಾರದ ಗೀರುಗಳಿರುತ್ತವೆ.

ನಮ್ಮ ದೇಶದಲ್ಲಿ ತಿರುಚಿರಾಪಳ್ಳಿಯ ಆರ್ಡ್‌ನೆನ್ಸ್ ಫ್ಯಾಕ್ಟರಿಯು 12 ಬೋರ್ ಪಂಪ್ ಆಕ್ಷನ್ ಬಂದೂಕನ್ನು ನಾಗರಿಕರಿಗಾಗಿ ತಯಾರಿಸಿದೆ. ಹಿಂದಿನ ಆರ್ಡ್‌ನೆನ್ಸ್ ಫ್ಯಾಕ್ಟರಿ ಮಂಡಳಿಯು 2021ರ ಅಕ್ಟೋಬರ್ 1ರಂದು ವಿಭಜನೆಗೊಂಡ ಬಳಿಕ ಈ ಕಾರ್ಖಾನೆಯು ಕಾನ್ಪುರದಲ್ಲಿ ಕೇಂದ್ರ ಕಚೇರಿಯುಳ್ಳ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್ ಎಂಬ ಸರ್ಕಾರಿ ಕಂಪನಿಗೆ ಸೇರಿದೆ.

ಕಾನೂನಿನ ಹಿನ್ನೆಲೆ

1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಂಗ್ಲ ಸರ್ಕಾರದ ಕಾಯ್ದೆಯನ್ನು ಹಲಗಲಿಯ ಬೇಡರು ಪ್ರತಿಭಟಿಸಿದ ಚರಿತ್ರೆ ಕನ್ನಡಿಗರಿಗೆಲ್ಲ ತಿಳಿದದ್ದೇ. ಮುಂದೆ 1878ರ ಶಸ್ತ್ರಾಸ್ತ್ರ ಕಾಯ್ದೆಯು ಬ್ರಿಟಿಷ್ ಇಂಡಿಯಾದಲ್ಲಿ ಪರವಾನಗಿಯ ಪದ್ಧತಿಯನ್ನು ಬಿಗಿಗೊಳಿಸಿತು. ಸ್ವಾತಂತ್ರ್ಯಾನಂತರ ಅದರ ಸ್ಥಾನದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ರಚಿತವಾಗಿ 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಅದರ ಅಡಿಯಲ್ಲಿದ್ದ 1962ರ ನಿಯಮಗಳ ಬದಲಿಗೆ 2016ರ ಶಸ್ತ್ರಾಸ್ತ್ರ ನಿಯಮಗಳು ಬಂದಿವೆ. 2019ರ ತಿದ್ದುಪಡಿಯು ಅದೇ ವರ್ಷದ ಡಿಸೆಂಬರ್ 14ರಿಂದ ಜಾರಿಯಾಗಿ ಶಿಕ್ಷೆಗಳನ್ನು ಬಹಳಷ್ಟು ಹೆಚ್ಚಿಸಿದೆ. ಹಳೆಯ ತಿಳಿವಳಿಕೆಯ ಮೇಲೆ ನಡೆಯುವವರು ಎಡವುವುದು ಹೆಚ್ಚಾಗಿ ಈ ತಿದ್ದುಪಡಿಯ ವಿಷಯದಲ್ಲಿಯೇ.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆಯಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಕೇಂದ್ರ ಸರ್ಕಾರವು 2019ರ ಅಕ್ಟೋಬರ್‌ನಲ್ಲಿ ಆ ವಿನಾಯಿತಿಯನ್ನು ಇನ್ನೂ ಹತ್ತು ವರ್ಷಗಳಿಗೆ ಮುಂದುವರಿಸಿತು. ಅದು ಆ ಸಮುದಾಯ ಮತ್ತು ಆ ಹಿಡುವಳಿಗೆ ಸೀಮಿತವಾದ ವಿಶೇಷ ಅಧಿಸೂಚನೆ. ಕೊಪ್ಪಳ ಜಿಲ್ಲೆಯ ವ್ಯಾಪಾರಸ್ಥರಿಗೂ ರೈತರಿಗೂ ಪರವಾನಗಿ ಕಡ್ಡಾಯ.

ಇಪ್ಪತ್ತು ಇಂಚಿನ ಮಹತ್ವ

ಕಾಯ್ದೆಯ 13ನೆಯ ಕಲಂ ಆತ್ಮರಕ್ಷಣೆ ಅಥವಾ ಕ್ರೀಡೆಗಾಗಿ ಬೇಕಾದ, ನಳಿಕೆಯ ಉದ್ದ 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಕೆಯ ಬಂದೂಕನ್ನು ವಿಶೇಷವಾಗಿ ಹೆಸರಿಸುತ್ತದೆ. ಇಂತಹ ಬಂದೂಕಿಗೆ ಅರ್ಹ ನಾಗರಿಕನು ಅರ್ಜಿ ಹಾಕಿದಾಗ ಪರವಾನಗಿ ನೀಡತಕ್ಕದ್ದು ಎಂಬುದು ಅಲ್ಲಿಯ ಭಾಷೆ. ಇತರ ಬಂದೂಕುಗಳಿಗೆ ಅರ್ಜಿದಾರನು ಸಕಾರಣವನ್ನು ತೋರಿಸಿ ಅಧಿಕಾರಿಯ ಮನವರಿಕೆ ಮಾಡಬೇಕಾಗುತ್ತದೆ. 14ನೆಯ ಕಲಮಿನ ಪ್ರಕಾರ ಅರ್ಜಿಯನ್ನು ತಿರಸ್ಕರಿಸುವ ಅಧಿಕಾರವೂ ಇದೆ. ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು.

ಇನ್ನು ನಿಯಮಗಳ ಮೊದಲನೆಯ ಅನುಸೂಚಿಯು ಆಯುಧಗಳನ್ನು ವರ್ಗಗಳಾಗಿ ವಿಂಗಡಿಸುತ್ತದೆ. 20 ಇಂಚು ಅಥವಾ ಅದಕ್ಕೂ ಉದ್ದವಾದ ನಳಿಕೆಯ ಪಂಪ್ ಆಕ್ಷನ್ ಬಂದೂಕು ಸಾಮಾನ್ಯ ಅನುಮತಿಯ ಮೂರನೆಯ ವರ್ಗಕ್ಕೆ ಸೇರುತ್ತದೆ. ಅದರ ಪರವಾನಗಿ ಪ್ರಾಧಿಕಾರಿ ಜಿಲ್ಲಾ ದಂಡಾಧಿಕಾರಿಗಳು, ಅಂದರೆ ಕೊಪ್ಪಳದ ಜಿಲ್ಲಾಧಿಕಾರಿಗಳು. ಅದೇ ಬಂದೂಕಿನ ನಳಿಕೆ 20 ಇಂಚಿಗಿಂತ ಕಡಿಮೆಯಾದರೆ ಅದು ಅರೆ ಸ್ವಯಂಚಾಲಿತ ಅಸ್ತ್ರಗಳ ಜೊತೆಗೆ ಒಂದನೆಯ ವರ್ಗದ 'ಬಿ' ಉಪವರ್ಗದಲ್ಲಿ ನಿರ್ಬಂಧಿತ ಆಯುಧವಾಗಿ ನಿಲ್ಲುತ್ತದೆ. ಆಗ ಕಡತವು ಜಿಲ್ಲಾಡಳಿತದ ವ್ಯಾಪ್ತಿಯನ್ನು ದಾಟಿ ಕೇಂದ್ರ ಗೃಹ ಸಚಿವಾಲಯಕ್ಕೆ ಹೋಗುತ್ತದೆ. ಜೀವಕ್ಕೆ ತೀವ್ರ ಬೆದರಿಕೆಯಿರುವಂತಹ ವಿಶೇಷ ಪ್ರಕರಣಗಳಲ್ಲಿ ಮಾತ್ರ ಅಂತಹ ಪರವಾನಗಿಯ ಪ್ರಶ್ನೆ ಏಳುತ್ತದೆ. ನಗದು ವಹಿವಾಟು ಹೆಚ್ಚು ಎಂಬ ಸಾಮಾನ್ಯ ಕಾರಣ ಅದಕ್ಕೆ ಸಾಲದು.

20 ಇಂಚು ಎಂದರೆ 50.8 ಸೆಂಟಿಮೀಟರ್, ಒಂದು ಮೊಳಕ್ಕಿಂತ ತುಸು ಹೆಚ್ಚು. ಕಾನೂನು ಹೇಳುವುದು ನಳಿಕೆಯ ಉದ್ದವನ್ನು. ಹಿಡಿಯೂ ಸೇರಿದ ಒಟ್ಟು ಉದ್ದವನ್ನಲ್ಲ ಎಂಬುದನ್ನು ನೆನಪಿಡಬೇಕು. ಒಟ್ಟು ಮೂರೂವರೆ ಅಡಿ ಉದ್ದ ಕಾಣುವ ಬಂದೂಕಿನ ನಳಿಕೆಯೂ ಗೆರೆಗಿಂತ ಗಿಡ್ಡವಾಗಿದ್ದರೆ ಅದು ನಿರ್ಬಂಧಿತವೇ.

ಕಾನೂನು ಉದ್ದಕ್ಕೆ ಇಷ್ಟು ಮಹತ್ವ ಕೊಡುವುದೇಕೆ ಎಂಬುದು ಸಹಜ ಪ್ರಶ್ನೆ. ಉದ್ದ ನಳಿಕೆಯ ಬಂದೂಕನ್ನು ಬಟ್ಟೆಯೊಳಗೆ ಬಚ್ಚಿಡಲಾಗದು. ಹಿಡಿದವನು ಎಲ್ಲರ ಕಣ್ಣಿಗೆ ಬೀಳುತ್ತಾನೆ. ಕಾವಲಿಗೆ ಬೇಕಾದದ್ದೂ ಅದೇ. ಗಿಡ್ಡ ನಳಿಕೆಯ ಬಂದೂಕನ್ನು ಚೀಲದಲ್ಲಿಯೋ ಉಡುಪಿನ ಒಳಗೋ ಮರೆಮಾಡಿ ಒಯ್ಯಬಹುದು. ಈ ಕಾರಣದಿಂದಲೇ ಬೇರೆ ದೇಶಗಳೂ ಇಂತಹ ಗೆರೆಯನ್ನು ಎಳೆದಿವೆ. ಅಮೆರಿಕದಲ್ಲಿ 1934ರ ರಾಷ್ಟ್ರೀಯ ಕಾಯ್ದೆಯ ಅಡಿಯಲ್ಲಿ ಈ ಬಗೆಯ ಬಂದೂಕಿನ ಗೆರೆ 18 ಇಂಚು. ಬ್ರಿಟನ್ನಿನ 1968ರ ಕಾಯ್ದೆಯಲ್ಲಿ ಅದು 24 ಇಂಚು. ಅಮೆರಿಕದಲ್ಲಿ ಭುಜಕ್ಕೆ ಆನಿಸುವ ಹಿಡಿಯಿಲ್ಲದೆ ಕಾರ್ಖಾನೆಯಲ್ಲಿಯೇ ತಯಾರಾದ 14 ಇಂಚಿನ ನಳಿಕೆಯ ಪಂಪ್ ಆಕ್ಷನ್ ಅಸ್ತ್ರಗಳು ಅಲ್ಲಿಯ ಶಾಸನದ ವ್ಯಾಖ್ಯೆಯ ಕಾರಣದಿಂದ ಬೇರೆ ವರ್ಗದಲ್ಲಿ ಮಾರಾಟವಾಗುತ್ತವೆ. ಅಂತರಜಾಲದಲ್ಲಿ ಕಾಣುವ ಚಿತ್ರಗಳು ಹೆಚ್ಚಾಗಿ ಇಂತಹವೇ. ಅಲ್ಲಿಯ ವ್ಯಾಖ್ಯೆಗೆ ಇಲ್ಲಿ ಯಾವ ಬೆಲೆಯೂ ಇಲ್ಲ. ಭಾರತದಲ್ಲಿ ಅಳತೆ 20 ಇಂಚು.

ನಳಿಕೆ ಕತ್ತರಿಸುವ ಅಪರಾಧ

ನಳಿಕೆಯನ್ನು ಗಿಡ್ಡಗೊಳಿಸುವುದು ಸ್ವತಃ ಒಂದು ಪ್ರತ್ಯೇಕ ಅಪರಾಧ. 6ನೆಯ ಕಲಮಿನ ಪ್ರಕಾರ ಅದಕ್ಕೆಂದೇ ಪರವಾನಗಿ ಇಲ್ಲದೆ ಯಾರೂ ಬಂದೂಕಿನ ನಳಿಕೆಯನ್ನು ಗಿಡ್ಡಗೊಳಿಸುವಂತಿಲ್ಲ. 2019ರ ತಿದ್ದುಪಡಿಯು ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಪರಿವರ್ತಿಸುವುದನ್ನೂ ಇದಕ್ಕೆ ಸೇರಿಸಿದೆ. ಇದನ್ನು ಉಲ್ಲಂಘಿಸಿದವರಿಗೆ 25ನೆಯ ಕಲಮಿನ ಅಡಿಯಲ್ಲಿ ಕನಿಷ್ಠ 7 ವರ್ಷಗಳಿಂದ ಆಜೀವ ಕಾರಾಗೃಹವಾಸದವರೆಗೆ ಶಿಕ್ಷೆ ಮತ್ತು ಜುಲ್ಮಾನೆ. ತಿದ್ದುಪಡಿಗೆ ಮುಂಚೆ ಇದು 3ರಿಂದ 7 ವರ್ಷಗಳಾಗಿತ್ತು.

ಬಂದೂಕಿಗೆ ಪರವಾನಗಿ ಇದೆ ಎಂಬುದು ಇಲ್ಲಿ ರಕ್ಷಣೆಯಾಗುವುದಿಲ್ಲ. ಪರವಾನಗಿ ಇರುವುದು ಅದರಲ್ಲಿ ವಿವರಿಸಿದ ಬಂದೂಕಿಗೆ. ಕತ್ತರಿಸಿದ ಬಂದೂಕು ಕಾನೂನಿನ ಕಣ್ಣಿನಲ್ಲಿ ಬೇರೊಂದು ವರ್ಗದ ಬಂದೂಕು. ಭತ್ತದ ಕಟಾವು ಯಂತ್ರ, ಟ್ರ್ಯಾಕ್ಟರ್‌ಗಳ ದುರಸ್ತಿಗಾಗಿ ನಮ್ಮಲ್ಲಿ ನುರಿತ ಲೇತ್ ವರ್ಕ್‌ಶಾಪ್‌ಗಳು ಅನೇಕ ಇವೆ. ಕೊಳವೆ ಕತ್ತರಿಸುವುದು ಅವರಿಗೆ ಕಷ್ಟವಲ್ಲ; ಆದರೆ ಆ ಕೆಲಸ ಮಾಡಿಕೊಟ್ಟ ಕಾರ್ಮಿಕನೂ ವರ್ಕ್‌ಶಾಪ್‌ನ ಮಾಲೀಕನೂ ಇದೇ ಕಲಮಿಗೆ ಗುರಿಯಾಗುತ್ತಾರೆ. ಬಾಯಿ ಜಖಂಗೊಂಡ ನಳಿಕೆಯನ್ನು ಸರಿಪಡಿಸುವ ನೆಪದಲ್ಲಿ ಒಂದೆರಡು ಇಂಚು ತೆಗೆಸುವುದೂ ಗಿಡ್ಡಗೊಳಿಸುವುದೇ. ಬಂದೂಕಿನ ದುರಸ್ತಿಯನ್ನೇ ವ್ಯವಹಾರವಾಗಿ ಮಾಡಲು 5ನೆಯ ಕಲಮಿನ ಅಡಿಯಲ್ಲಿ ಪರವಾನಗಿ ಬೇಕು. ಆದ್ದರಿಂದ ಯಾವ ಸಣ್ಣ ದುರಸ್ತಿಗೂ ಪರವಾನಗಿ ಪಡೆದ ಬಂದೂಕು ವ್ಯಾಪಾರಿಯಲ್ಲಿಗೆ ಹೋಗಿ ರಸೀದಿ ಪಡೆಯುವುದು ಕ್ಷೇಮ.

ಬಿಡಿಭಾಗಗಳು: ಮೂರು ಗುಂಪು

ಬಂದೂಕಿನ ಜೊತೆಗೆ ಬರುವ ವಸ್ತುಗಳನ್ನು ಕಾನೂನಿನ ದೃಷ್ಟಿಯಿಂದ ಮೂರು ಗುಂಪುಗಳಾಗಿ ನೋಡಬಹುದು.

ಮೊದಲನೆಯದು ಬಂದೂಕಿನ ಗುಣವನ್ನು ಬದಲಿಸದ ವಸ್ತುಗಳು. ಹೆಗಲಿಗೆ ಹಾಕುವ ಪಟ್ಟಿ, ಚರ್ಮದ ಅಥವಾ ಕ್ಯಾನ್ವಾಸಿನ ಗವಸು, ಕಾಡತೂಸಿನ ಬೆಲ್ಟು, ನಳಿಕೆ ಶುಚಿಗೊಳಿಸುವ ಸಲಾಕೆ, ಎಣ್ಣೆ, ಭುಜಕ್ಕೆ ಪೆಟ್ಟು ತಗಲದಂತೆ ಹಿಡಿಯ ತುದಿಗೆ ಹಾಕುವ ರಬ್ಬರ್ ಮೆತ್ತೆ, ಟಾರ್ಚ್ ಮುಂತಾದವು ಇಲ್ಲಿ ಬರುತ್ತವೆ. ಇವು ಆಯುಧಗಳಲ್ಲ. ಆದರೆ ಬೆಲ್ಟಿನಲ್ಲಿ ಕೂರಿಸುವ ಕಾಡತೂಸುಗಳು ಮದ್ದುಗುಂಡುಗಳೇ. ಅವುಗಳ ಸಂಖ್ಯೆ ಪರವಾನಗಿಯಲ್ಲಿ ನಮೂದಿಸಿದ ಮಿತಿಯೊಳಗೆ ಇರಬೇಕು.

ಎರಡನೆಯದು ಬಂದೂಕಿನ ಅಂಗಗಳು. 2ನೆಯ ಕಲಮಿನ ವ್ಯಾಖ್ಯೆಯ ಪ್ರಕಾರ 'ಬಂದೂಕು' ಎಂಬ ಪದದಲ್ಲಿ ಅದರ ಭಾಗಗಳೂ ಸೇರುತ್ತವೆ. ಹಾಗಾಗಿ ಹೆಚ್ಚುವರಿ ನಳಿಕೆಯನ್ನು ಕೇವಲ ಬಿಡಿಭಾಗವೆಂದು ಭಾವಿಸಿ ಕೊಳ್ಳುವುದು ತಪ್ಪು. ಪಂಪ್ ಆಕ್ಷನ್ ಬಂದೂಕಿನ ನಳಿಕೆಯನ್ನು ಬಿಚ್ಚಿ ಬೇರೊಂದನ್ನು ಜೋಡಿಸುವುದು ಸುಲಭವಾದ್ದರಿಂದ ಈ ಎಚ್ಚರ ಇಲ್ಲಿ ಇನ್ನೂ ಅಗತ್ಯ. ಪರವಾನಗಿಯಲ್ಲಿ ನಮೂದಾಗದ ಗಿಡ್ಡ ನಳಿಕೆಯೊಂದು ಬೀರುವಿನಲ್ಲಿ ಸಿಕ್ಕರೆ, ಅದನ್ನು ಒಮ್ಮೆಯೂ ಜೋಡಿಸಿಲ್ಲ ಎಂಬ ಸಮಾಧಾನದಿಂದ ಪಾರಾಗುವುದು ಕಷ್ಟ. ಜೊತೆಗೂಡುವ ಇತರ ಭಾಗಗಳೊಂದಿಗೆ ಬಳಸುವ ಉದ್ದೇಶವಿಲ್ಲದ ಸಣ್ಣಪುಟ್ಟ ಭಾಗಗಳಿಗೆ ಮಾತ್ರ 45ನೆಯ ಕಲಂ ವಿನಾಯಿತಿ ಕೊಡುತ್ತದೆ. ಮಡಚುವ ಹಿಡಿ, ಪಿಸ್ತೂಲಿನಂತಹ ಹಿಡಿಕೆ ಮೊದಲಾದವು ನಳಿಕೆಯ ಅಳತೆಯನ್ನು ಬದಲಿಸುವುದಿಲ್ಲ ನಿಜ. ಆದರೂ ಬಂದೂಕನ್ನು ಪರವಾನಗಿಗೆ ದಾಖಲಿಸಿದ ರೂಪದಿಂದ ಬೇರೆ ಮಾಡುವ ಯಾವ ಬದಲಾವಣೆಗೂ ಮೊದಲು ಪರವಾನಗಿ ಪ್ರಾಧಿಕಾರಿಗಳಿಂದ ಲಿಖಿತ ಅಭಿಪ್ರಾಯ ಪಡೆಯುವುದು ವಿವೇಕ.

ಮೂರನೆಯದು ಸದ್ದು ಅಥವಾ ಬೆಂಕಿಯ ಮಿಂಚನ್ನು ತಗ್ಗಿಸುವ ಸಾಧನಗಳು, ಅಂದರೆ ಸೈಲೆನ್ಸರ್ ಮುಂತಾದವು. ಕಾಯ್ದೆಯ ವ್ಯಾಖ್ಯೆಯಲ್ಲಿ ಇವು ತಾವೇ ಬಂದೂಕುಗಳು. ಅನುಸೂಚಿಯ ಒಂದನೆಯ ವರ್ಗದಲ್ಲಿ ಇವಕ್ಕೆ ಪ್ರತ್ಯೇಕ ಉಪವರ್ಗವೇ ಇದೆ. ಸಾಮಾನ್ಯ ಪರವಾನಗಿದಾರನು ಇವುಗಳ ಗೊಡವೆಗೇ ಹೋಗಬಾರದು. ಅಂತರಜಾಲದ ಮಾರಾಟ ತಾಣದಲ್ಲಿ ಸಿಗುತ್ತದೆ ಎಂಬುದು ಯಾವ ವಸ್ತುವಿಗೂ ಕಾನೂನಿನ ಮಾನ್ಯತೆ ತಂದುಕೊಡುವುದಿಲ್ಲ.

ಒಯ್ಯುವ ರೀತಿ

2016ರ ನಿಯಮಗಳು ಸಾರ್ವಜನಿಕ ಸ್ಥಳದಲ್ಲಿ ಬಂದೂಕನ್ನು ಒಯ್ಯುವ ರೀತಿಯನ್ನು ಸ್ಪಷ್ಟಪಡಿಸಿವೆ. ಪಿಸ್ತೂಲು, ರಿವಾಲ್ವರ್‌ಗಳಾದರೆ ಮೈಗೆ ಕಟ್ಟಿದ ಹೋಲ್‌ಸ್ಟರ್ ಅಥವಾ ಅಂತಹ ಚೀಲದಲ್ಲಿ ಇರಬೇಕು. ಪಂಪ್ ಆಕ್ಷನ್‌ನಂತಹ ಉದ್ದ ಬಂದೂಕಾದರೆ ಅದಕ್ಕೆಂದೇ ಮಾಡಿದ ಗವಸಿನಲ್ಲಿ ಇರಬೇಕು. ಅದು ಪೂರ್ಣವಾಗಿ ಮುಚ್ಚಿರಬೇಕು. ಒಯ್ಯುವವನ ಹಿಡಿತದಲ್ಲಿಯೂ ಇರಬೇಕು. ಮೋಟಾರ್ ಸೈಕಲಿನ ಹಿಂದೆ ಕುಳಿತು ಬರಿಯ ಬಂದೂಕನ್ನು ಹೆಗಲಿಗೆ ಹಾಕಿಕೊಂಡು ಸಂತೆ ಬೀದಿಯಲ್ಲಿ ಸಾಗುವುದು, ಜೀಪಿನ ಹಿಂಬದಿಯ ಸೀಟಿನಲ್ಲಿ ಬಿಟ್ಟು ಹೋಟೆಲಿಗೆ ಹೋಗುವುದು ಎರಡೂ ಈ ನಿಯಮಕ್ಕೆ ವಿರುದ್ಧ.

ಪ್ರಯಾಣದಲ್ಲಿ ಮೂಲ ಪರವಾನಗಿ ಜೊತೆಗಿರಬೇಕು. ಪೊಲೀಸ್ ಅಧಿಕಾರಿಗಳು ಕೇಳಿದಾಗ 19ನೆಯ ಕಲಮಿನ ಪ್ರಕಾರ ತೋರಿಸಬೇಕು. ಗಂಗಾವತಿಯಿಂದ ಗಡಿ ದಾಟಿ ನೆರೆಯ ರಾಜ್ಯಗಳಿಗೆ ಅಕ್ಕಿ ವ್ಯಾಪಾರಕ್ಕಾಗಿ ಹೋಗುವವರು ಪರವಾನಗಿಯಲ್ಲಿ ನಮೂದಿಸಿರುವ ಪ್ರದೇಶ ವ್ಯಾಪ್ತಿಯನ್ನು ಹೊರಡುವ ಮುನ್ನವೇ ಓದಿಕೊಳ್ಳಬೇಕು. ಸಾಗಿಸುವಾಗ ಬಂದೂಕಿನಲ್ಲಿ ಕಾಡತೂಸು ಇರದಂತೆ ನೋಡಿಕೊಳ್ಳುವುದು ಸುರಕ್ಷತೆಯ ಮೊದಲ ಪಾಠ. ಪಂಪ್ ಆಕ್ಷನ್‌ನಲ್ಲಿ ನಳಿಕೆ ಖಾಲಿಯಿದ್ದರೂ ಕೆಳಗಿನ ಕೊಳವೆಯಲ್ಲಿ ಕಾಡತೂಸು ಉಳಿದಿರಬಹುದು. ಒಂದನ್ನು ನೋಡಿ ಇನ್ನೊಂದನ್ನು ಮರೆಯಬಾರದು.

ಮದುವೆ, ಜಾತ್ರೆ, ವಿಜಯೋತ್ಸವಗಳಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತರುವುದು 2019ರಿಂದ ಪ್ರತ್ಯೇಕ ಅಪರಾಧ. 2 ವರ್ಷಗಳವರೆಗೆ ಕಾರಾಗೃಹವಾಸ, ಅಥವಾ 1 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ, ಅಥವಾ ಎರಡೂ ಆಗಬಹುದು. ಚುನಾವಣೆಯ ಕಾಲದಲ್ಲಿ ಆಯುಧಗಳನ್ನು ಠೇವಣಿ ಇಡುವಂತೆ ಜಿಲ್ಲಾಡಳಿತ ಆದೇಶಿಸಿದರೆ ಅದನ್ನು ಪಾಲಿಸಿ ರಸೀದಿ ಪಡೆಯಬೇಕು. ಗಿರಣಿಯ ಕಾವಲಿಗೆ ವಿನಾಯಿತಿ ಬೇಕಿದ್ದರೆ ಪರಿಶೀಲನಾ ಸಮಿತಿಗೆ ಮುಂಚಿತವಾಗಿಯೇ ಮನವಿ ಸಲ್ಲಿಸಬೇಕು.

ಬಂದೂಕು ಯಾರದು, ಹೊಣೆ ಯಾರದು?

ವ್ಯಾಪಾರಸ್ಥರಿಗೆ ಅತಿ ಮುಖ್ಯವಾದ ಪ್ರಶ್ನೆ ಇದೇ. ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಮೂವರು ಪಾಲುದಾರರ ಒಂದು ಅಕ್ಕಿ ಗಿರಣಿ ಇದೆ. ಬಂದೂಕಿನ ಪರವಾನಗಿ ಮೊದಲನೆಯ ಪಾಲುದಾರರ ಹೆಸರಿನಲ್ಲಿದೆ. ಬೆಲೆಯನ್ನು ಸಂಸ್ಥೆಯ ಖಾತೆಯಿಂದ ಕೊಡಲಾಗಿದೆ. ಪ್ರತಿ ರಾತ್ರಿ ಅದನ್ನು ಹಿಡಿದು ಗೇಟಿನಲ್ಲಿ ನಿಲ್ಲುವವನು ಸಂಬಳದ ಕಾವಲುಗಾರ. ಕಾಗದ ಒಬ್ಬರದು, ಹಣ ಇನ್ನೊಬ್ಬರದು, ಕೈ ಮತ್ತೊಬ್ಬರದು.

ಮೊದಲು ಕೈಯ ವಿಚಾರ. ಪರವಾನಗಿದಾರನ ಸಮ್ಮುಖದಲ್ಲಿ ಅಥವಾ ಆತನ ಲಿಖಿತ ಅಧಿಕಾರ ಪತ್ರದ ಮೇರೆಗೆ, ದುರಸ್ತಿಗಾಗಿ, ಪರವಾನಗಿಯ ನವೀಕರಣಕ್ಕಾಗಿ ಅಥವಾ ಆ ಪರವಾನಗಿದಾರನ ಉಪಯೋಗಕ್ಕಾಗಿ ಇನ್ನೊಬ್ಬನು ಬಂದೂಕನ್ನು ಒಯ್ಯಬಹುದು ಎಂದು 3ನೆಯ ಕಲಂ ಹೇಳುತ್ತದೆ. ಮಾಲೀಕರು ಮನೆಯಲ್ಲಿ ನಿದ್ರಿಸುತ್ತಿರುವಾಗ ಕಾವಲುಗಾರನು ಒಬ್ಬನೇ ಅದನ್ನು ಹಿಡಿದು ನಿಲ್ಲುವುದು ಈ ಮೂರರಲ್ಲಿ ಯಾವುದಕ್ಕೂ ಹೊಂದದು. ಆತನ ಹೆಸರು ಪರವಾನಗಿಯಲ್ಲಿ ರಿಟೇನರ್ ಎಂದು ದಾಖಲಾಗಿರಬೇಕು, ಇಲ್ಲವೇ ಆತನಿಗೆ ಸ್ವಂತ ಪರವಾನಗಿ ಇರಬೇಕು. ಪರವಾನಗಿಯಿಲ್ಲದೆ ಬಂದೂಕು ಹೊಂದಿದ್ದಕ್ಕೆ 2019ರ ನಂತರ 2ರಿಂದ 5 ವರ್ಷಗಳ ಕಾರಾಗೃಹವಾಸ ಮತ್ತು ಜುಲ್ಮಾನೆ. ಎಂಟು ಹತ್ತು ಸಾವಿರ ರೂಪಾಯಿ ಸಂಬಳಕ್ಕೆ ರಾತ್ರಿಯಿಡೀ ನಿಲ್ಲುವ ಬಡ ಕಾವಲುಗಾರನ ತಲೆಯ ಮೇಲೆ ಈ ಕತ್ತಿ ತೂಗುತ್ತಿರುತ್ತದೆ ಎಂಬುದನ್ನು ಮಾಲೀಕರು ಮರೆಯಬಾರದು.

ಎರಡನೆಯದು ಉಳಿದ ಪಾಲುದಾರರ ವಿಚಾರ. 33ನೆಯ ಕಲಮಿನ ಪ್ರಕಾರ ಕಂಪನಿಯಿಂದ ಅಪರಾಧವಾದಾಗ ಅದರ ವ್ಯವಹಾರದ ಹೊಣೆ ಹೊತ್ತವರೂ ಅಪರಾಧಿಗಳೆಂದು ಭಾವಿಸಲ್ಪಡುತ್ತಾರೆ. ಇಲ್ಲಿ ಕಂಪನಿ ಎಂಬ ಪದದಲ್ಲಿ ಪಾಲುದಾರಿಕೆ ಸಂಸ್ಥೆಯೂ ಸೇರುತ್ತದೆ. ತಮಗೆ ತಿಳಿಯದೆ ನಡೆಯಿತು, ತಡೆಯಲು ತಕ್ಕ ಎಚ್ಚರ ವಹಿಸಲಾಗಿತ್ತು ಎಂದು ರುಜುವಾತುಪಡಿಸುವ ಭಾರ ಅವರದೇ. 35ನೆಯ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹಲವರ ಜಂಟಿ ಸ್ವಾಧೀನದಲ್ಲಿರುವ ಕಟ್ಟಡದಲ್ಲಿ ಅಪರಾಧಕ್ಕೆ ಸಂಬಂಧಿಸಿದ ಆಯುಧ ದೊರೆತರೆ, ಅದು ಅಲ್ಲಿದೆಯೆಂದು ತಿಳಿದಿದ್ದ ಪ್ರತಿಯೊಬ್ಬರೂ, ಬೇರೆ ರೀತಿ ರುಜುವಾತಾಗದ ಹೊರತು, ತಾವೊಬ್ಬರೇ ಇಟ್ಟುಕೊಂಡಿದ್ದಂತೆ ಹೊಣೆಗಾರರಾಗುತ್ತಾರೆ. ಒಬ್ಬ ಪಾಲುದಾರರು ಶೋಕಿಗಾಗಿ ಗಿಡ್ಡಗೊಳಿಸಿದ ಬಂದೂಕನ್ನು ಗಿರಣಿಯ ಆಫೀಸಿನಲ್ಲಿ ಇಟ್ಟದ್ದು ಇತರರಿಗೆ ಗೊತ್ತಿದ್ದರೆ, ಆ ಮೌನವೇ ಅವರ ಮೇಲೆ ಬರುತ್ತದೆ.

ಮೂರನೆಯದು ಏಜೆನ್ಸಿಯ ವಿಚಾರ. ಕಾವಲುಗಾರರನ್ನು ಒದಗಿಸುವ ಸಂಸ್ಥೆಗೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯ ಅಡಿಯಲ್ಲಿ ಪರವಾನಗಿ ಕಡ್ಡಾಯ. ಕಾವಲುಗಾರನು ಸ್ವಂತ ಬಂದೂಕು ತಂದರೆ ಪರವಾನಗಿಯ ಪ್ರತಿ, ಅವಧಿ, ಉದ್ದೇಶ, ಪ್ರದೇಶ ವ್ಯಾಪ್ತಿ ಮತ್ತು ರಾಷ್ಟ್ರೀಯ ದತ್ತಾಂಶದ ವಿಶಿಷ್ಟ ಗುರುತಿನ ಸಂಖ್ಯೆಯನ್ನು ಪರಿಶೀಲಿಸಿ ಕಡತದಲ್ಲಿ ಇಡಬೇಕು. ಬಂದೂಕಿನ ಮೇಲೆ ಕೆತ್ತಿದ ಸಂಖ್ಯೆಯು ಪರವಾನಗಿಯ ಸಂಖ್ಯೆಗೆ ತಾಳೆಯಾಗಬೇಕು. ಈ ತಾಳೆ ನೋಡಲು ಐದು ನಿಮಿಷ ಸಾಕು.

ಲೆಕ್ಕಪತ್ರ ಮತ್ತು ತೆರಿಗೆ

ಪಾಲುದಾರರ ವೈಯಕ್ತಿಕ ಪರವಾನಗಿಯ ಬಂದೂಕನ್ನು ಸಂಸ್ಥೆಯ ಹಣದಲ್ಲಿ ಕೊಂಡು ಯಂತ್ರೋಪಕರಣದ ಖಾತೆಗೆ ಹಾಕುವ ರೂಢಿ ಸರಿಯಲ್ಲ. ಪರವಾನಗಿಯೂ ಸ್ವಾಧೀನವೂ ವ್ಯಕ್ತಿಯದಾಗಿರುವಾಗ ಆ ಮೊತ್ತವನ್ನು ಆ ಪಾಲುದಾರರ ಖಾತೆಗೆ ಖರ್ಚು ಬರೆಯುವುದು ಸೂಕ್ತ. ಸಂಸ್ಥೆಯ ಆಸ್ತಿ ಪಟ್ಟಿಯಲ್ಲಿ ಬಂದೂಕು ಕಾಣಿಸಿಕೊಂಡು ಸಂಸ್ಥೆಯ ಹೆಸರಿನಲ್ಲಿ ಪರವಾನಗಿ ಇಲ್ಲದಿದ್ದರೆ, ಸಂಸ್ಥೆಯು ತನ್ನ ವಿರುದ್ಧ ತಾನೇ ಸಾಕ್ಷ್ಯ ಬರೆದಿಟ್ಟಂತಾಗುತ್ತದೆ. ವೈಯಕ್ತಿಕ ಉಪಯೋಗದ ಸರಕಿನ ಮೇಲಿನ ಹೂಡುವಳಿ ತೆರಿಗೆ ಜಮೆಯನ್ನು ಜಿಎಸ್‌ಟಿ ಕಾಯ್ದೆಯ 17(5)ನೆಯ ಕಲಂ ನಿರಾಕರಿಸುತ್ತದೆ.

ಬಿಲ್ಲಿನಲ್ಲಿ ಕಾಣುವ ಎಚ್‌ಎಸ್‌ಎನ್ ಸಂಖ್ಯೆಯನ್ನು ಶಸ್ತ್ರಾಸ್ತ್ರ ನಿಯಮಗಳ ವರ್ಗದೊಂದಿಗೆ ಬೆರೆಸಬಾರದು. 9303ರಲ್ಲಿ ಪಿಸ್ತೂಲು, ರಿವಾಲ್ವರ್‌ಗಳನ್ನು ಬಿಟ್ಟ ಇತರ ನಾಗರಿಕ ಬಂದೂಕುಗಳು, 9305ರಲ್ಲಿ ಭಾಗ ಮತ್ತು ಉಪಕರಣಗಳು, 9306ರಲ್ಲಿ ಕಾಡತೂಸುಗಳು ಬರುತ್ತವೆ. ತೆರಿಗೆಯ ಈ ಸಂಖ್ಯೆ ನಳಿಕೆ 18 ಇಂಚೋ 20 ಇಂಚೋ ಎಂದು ಕೇಳುವುದಿಲ್ಲ. ಆದ್ದರಿಂದ ಬಿಲ್ಲು ಸರಿಯಿದೆ ಎಂದ ಮಾತ್ರಕ್ಕೆ ಬಂದೂಕಿನ ವರ್ಗ ಸರಿಯಿದೆ ಎಂದಾಗದು.

ಕಾವಲು ಸೇವೆಯ ಬಗ್ಗೆಯೂ ಒಂದು ಮಾತು. 2019ರ ಜನವರಿ 1ರಿಂದ, ಕಂಪನಿಯಲ್ಲದ ಏಜೆನ್ಸಿಯು ನೋಂದಾಯಿತ ವ್ಯಾಪಾರಿಗೆ ಕಾವಲುಗಾರರನ್ನು ಒದಗಿಸಿದರೆ ಜಿಎಸ್‌ಟಿ ಪಾವತಿಯ ಹೊಣೆ ಸೇವೆ ಪಡೆದವರ ಮೇಲೆಯೇ ಬರುತ್ತದೆ. ಕಾಂಪೋಸಿಷನ್ ಯೋಜನೆಯವರಿಗೆ ಇದು ಅನ್ವಯಿಸದು.

ನವೀಕರಣ, ಮಾರಾಟ, ವಾರಸುದಾರಿಕೆ

ಪರವಾನಗಿಯ ಅವಧಿ 2019ರ ತಿದ್ದುಪಡಿಯಿಂದ ಮೂರು ವರ್ಷಗಳ ಬದಲು ಐದು ವರ್ಷಗಳಾಗಿದೆ. ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಹಿರಿಯರಿಂದ ಬಂದ ಬಂದೂಕಿಗೂ ಈ ಮಿತಿ ಅನ್ವಯ. ಮೂರನೆಯದನ್ನು ಒಂದು ವರ್ಷದೊಳಗೆ ಠೇವಣಿ ಇಡಬೇಕಾಗಿತ್ತು. ಹಳೆಯ ಮನೆತನಗಳು ಬೀರುವನ್ನು ಒಮ್ಮೆ ತೆರೆದು ಎಣಿಸಿಕೊಳ್ಳುವುದು ಲೇಸು.

ಅವಧಿ ಮುಗಿದರೆ ಅಥವಾ ಪರವಾನಗಿದಾರರು ತೀರಿಕೊಂಡರೆ ಬಂದೂಕನ್ನು ಅನಗತ್ಯ ವಿಳಂಬವಿಲ್ಲದೆ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. ವಾರಸುದಾರರು ಆ ಬಳಿಕ ಸ್ವಂತ ಹೆಸರಿನಲ್ಲಿ ಅರ್ಜಿ ಸಲ್ಲಿಸಬಹುದು. ಪಾಲು ವಿಭಾಗ ಅಥವಾ ಸಂಸ್ಥೆಯ ವಿಸರ್ಜನೆಯಲ್ಲಿ ಇತರ ಚರ ವಸ್ತುಗಳಂತೆ ಬಂದೂಕನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ಕೊಳ್ಳುವವರಿಗೆ ಪರವಾನಗಿ ಇರಬೇಕು. ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿ ಕನಿಷ್ಠ 45 ದಿನ ಕಾಯಬೇಕು.

ಬೆಟ್ಟದಂಚಿನ ಹೊಲ ತೋಟಗಳವರು ಕಾಡುಹಂದಿ, ಕರಡಿ, ಚಿರತೆಗಳ ಕಾಟದ ಕಾರಣದಿಂದಲೂ ಬಂದೂಕು ಬಯಸುತ್ತಾರೆ. ಬೆಳೆ ರಕ್ಷಣೆಗೆ ಕಾಯ್ದೆಯು ಮೊದಲು ಹೇಳುವುದು ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ 20 ಇಂಚಿನ ಮೇಲ್ಪಟ್ಟ ನಳಿಕೆಯ ಬಂದೂಕನ್ನು. ಆದರೆ ಬಂದೂಕಿನ ಪರವಾನಗಿಯು ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಚಿರತೆ, ಕರಡಿಗಳಿಗೆ ಅತ್ಯುನ್ನತ ರಕ್ಷಣೆ ನೀಡಿದೆ.

ಪರಿಶೀಲನೆಗೆ ಕೆಲವು ಅಂಶಗಳು

ಪ್ರತಿ ಹಣಕಾಸು ವರ್ಷದ ಕೊನೆಗೆ ದಾಸ್ತಾನು ಎಣಿಸುವಂತೆಯೇ ಈ ಕೆಳಗಿನವುಗಳನ್ನೂ ನೋಡಿಕೊಳ್ಳುವುದು ಒಳ್ಳೆಯದು.

1. ನಳಿಕೆಯ ಉದ್ದ 20 ಇಂಚು ಅಥವಾ ಹೆಚ್ಚು ಇದೆಯೇ? ವ್ಯಾಪಾರಿಯ ಬಿಲ್ಲಿನಲ್ಲಿ ಅದನ್ನು ನಮೂದಿಸಲಾಗಿದೆಯೇ?
2. ಬಂದೂಕಿನ ಸಂಖ್ಯೆ, ಪರವಾನಗಿಯ ಸಂಖ್ಯೆ ಮತ್ತು ವಿಶಿಷ್ಟ ಗುರುತಿನ ಸಂಖ್ಯೆ ಹೊಂದುತ್ತವೆಯೇ?
3. ನಮೂದಾಗದ ನಳಿಕೆ ಅಥವಾ ಬೇರೆ ಅಂಗ ಎಲ್ಲಿಯಾದರೂ ಉಳಿದಿದೆಯೇ?
4. ಬಂದೂಕನ್ನು ವಾಸ್ತವವಾಗಿ ಹಿಡಿಯುವ ವ್ಯಕ್ತಿಗೆ ಅದರ ಅಧಿಕಾರ ಇದೆಯೇ?
5. ಕಾಡತೂಸಿನ ಖರೀದಿ ಮತ್ತು ಬಳಕೆಯ ಲೆಕ್ಕ ಇದೆಯೇ? ಬಂದೂಕನ್ನು ಬೀಗ ಹಾಕಿದ ಬೀರುವಿನಲ್ಲಿ ಇಡಲಾಗುತ್ತಿದೆಯೇ?

ಇವುಗಳಿಗೆಲ್ಲ ಉತ್ತರ ಸರಿಯಾಗಿದ್ದರೆ ಬಂದೂಕು ತನ್ನ ಕೆಲಸ ಮಾಡುತ್ತದೆ. ಅಂದರೆ ಗೋಡೆಯ ಬದಿಯಲ್ಲಿ ಸುಮ್ಮನೆ ಇರುತ್ತದೆ. ಒಂದರಲ್ಲಿ ಲೋಪವಿದ್ದರೂ ಕಳ್ಳನಿಂದ ಆಗಬಹುದಾದ ನಷ್ಟಕ್ಕಿಂತ ಬಂದೂಕಿನಿಂದಲೇ ಆಗುವ ನಷ್ಟ ದೊಡ್ಡದು. ಬ್ಯಾಂಕ್ ವರ್ಗಾವಣೆಯ ಮೂಲಕ ರೈತರ ಖಾತೆಗೆ ನೇರವಾಗಿ ಹಣ ಪಾವತಿಸಿದಷ್ಟೂ ರಸ್ತೆಯ ಮೇಲೆ ಸಾಗುವ ನಗದು ಕಡಿಮೆಯಾಗುತ್ತದೆ. ನಗದು ಕಡಿಮೆಯಾದಷ್ಟೂ ಅದನ್ನು ಕಾಯುವ ಬಂದೂಕಿನ ಅವಶ್ಯಕತೆಯೂ ಕಡಿಮೆಯಾಗುತ್ತದೆ. ಅಷ್ಟಾಗಿಯೂ ಬಂದೂಕು ಬೇಕೇ ಬೇಕು ಎನ್ನುವ ವ್ಯಾಪಾರಸ್ಥರು ಅಳತೆಯ ಟೇಪನ್ನೂ ಪರವಾನಗಿ ಪುಸ್ತಕವನ್ನೂ ಒಟ್ಟಿಗೆ ಇಟ್ಟುಕೊಂಡು ಒಮ್ಮೆ ತಾಳೆ ನೋಡುವುದು ಹಿತಕರ.